ಹಿಂದಿನ ಗೇಟಿನ ಉತ್ತಮ

ಘಾಟಬೋರಾಳದ ಉತ್ತಮ ಮಲಗಿದರೆ ಅವನ ಪಾದಗಳು ಮನೆಯ ಹೊರಗೆ ಇರುತ್ತಿದ್ದವು. ಮನೆ ಎಂದರೆ ತಗಡು ಹೊದಿಸಿದ ಒಂದೇ ಕೋಣೆ. ಅದರಲ್ಲಿ ಒಲೆ, ಹಿಟ್ಟಿನ ಡಬ್ಬಿ, ತಾಯಿ ಕಾಂತಾಬಾಯಿಯ ಟ್ರಂಕು. ಇವುಗಳ ನಡುವೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೂ ಬಾಗಿಲು ಮುಚ್ಚಲು ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಕಾಂತಾಬಾಯಿ ಹೊಸ್ತಿಲಾಚೆಯ ಪಾದಗಳಿಗೆ ಗೋಣಿಚೀಲ ಹೊದಿಸುತ್ತಿದ್ದಳು. ಓಣಿಯ ನಾಯಿ ಬಂದು ಆ ಚೀಲದೊಳಗೆ ಸೇರಿಕೊಳ್ಳುತ್ತಿತ್ತು. ಇಬ್ಬರಿಗೂ ಬೆಚ್ಚಗಾಗುತ್ತದೆ ಎಂದು ಉತ್ತಮ ಅದನ್ನು ಓಡಿಸಲಿಲ್ಲ.

ಹತ್ತನೆಯ ಕ್ಲಾಸಿನವರೆಗೆ ಅವನು ಎಲ್ಲರ ಹಾಗೆ ಇದ್ದ. ಆಮೇಲೆ ಬೆಳೆಯತೊಡಗಿದ. ಓರಗೆಯ ಹುಡುಗರೂ ಬೆಳೆದರು, ಒಂದು ಮಟ್ಟಕ್ಕೆ ಬಂದು ನಿಂತರು. ಉತ್ತಮ ನಿಲ್ಲಲಿಲ್ಲ. ಊರಿನ ಎಲ್ಲ ಬಾಗಿಲುಗಳ ಚೌಕಟ್ಟೂ ಅವನ ಹಣೆಗೆ ಪರಿಚಯವಾಯಿತು. ಎತ್ತರಕ್ಕೆ ಹೋಗುವುದು ಮುಗಿಯಿತು ಅನ್ನುವಾಗ ಕೈ, ಪಾದ, ಮೂಗು, ದವಡೆ ದಪ್ಪವಾಗತೊಡಗಿದವು. ದನಿ ಬಾವಿಯೊಳಗಿಂದ ಬಂದಂತೆ ಕೇಳತೊಡಗಿತು. ಅವನು ತಾಯಿಗೆ ಮೆಲ್ಲಗೆ "ನೀರು ಕೊಡು" ಅಂದರೆ ಪಕ್ಕದ ಮನೆಯ ಸೊಸೆ ಚೊಂಬು ಹಿಡಿದು ಬರುತ್ತಿದ್ದಳು.

ಹುಮನಾಬಾದಿನ ಯಾವ ಅಂಗಡಿಯಲ್ಲೂ ಅವನ ಕಾಲಿಗೆ ಚಪ್ಪಲಿ ಇರಲಿಲ್ಲ. ಬಜಾರದಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಹಳೆಯ ಟ್ರ್ಯಾಕ್ಟರ್ ಟಾಯರಿನಿಂದ ಒಂದು ಜೋಡಿ ಕೊಯ್ದುಕೊಟ್ಟ. ವರ್ಷದೊಳಗೆ ಅದೂ ಸಣ್ಣದಾಯಿತು. "ಮುಂದಿನ ಸಲ ಜೆಸಿಬಿ ಟಾಯರ್ ಹುಡುಕಿ ತಗೊಂಡ್ ಬಾ ತಮ್ಮಾ" ಎಂದ ಅವನು, ಬಹಳ ಚಿಂತೆಯಿಂದ.

ಹೊಲದ ಕೆಲಸಕ್ಕೆ ಹೋದರೆ ಬೇರೆಯದೇ ಪಾಡು. ತೊಗರಿ ಕೊಯ್ಯಲು ಬಗ್ಗಿದರೆ ಸೊಂಟ ಮತ್ತೆ ಮೇಲೇಳಲು ಒಪ್ಪುತ್ತಿರಲಿಲ್ಲ. ಮಂಡಿ ನೋವು, ಮೈತುಂಬ ಬೆವರು, ಮಧ್ಯಾಹ್ನವಾದರೆ ತಲೆ ಸಿಡಿತ. ಹೊಲದ ಒಡೆಯರು ನಂಬುತ್ತಿರಲಿಲ್ಲ. "ಆನಿ ಹಂಗ ಇದ್ದಿ. ಒಂದು ಚೀಲ ಎತ್ತಾಕ ಆಗಲ್ಲೇನು?" ಎಂದು ಅವನ ಬೆನ್ನಿಗೆ ಎರಡು ಚೀಲ ಹೊರಿಸುತ್ತಿದ್ದರು. ಸಣಕಲು ಮನುಷ್ಯನಿಗೆ ಜಡ್ಡು ಬರಬಹುದು, ಇಂಥ ಮೈಗೆ ಹೇಗೆ ಬಂದೀತು ಎಂದು ಎಲ್ಲರ ಲೆಕ್ಕ. ಉತ್ತಮನೂ ಹಾಗೇ ನಂಬಿದ್ದ. ತಾನು ಸೋಮಾರಿ ಇರಬಹುದು ಎಂದುಕೊಂಡಿದ್ದ.

ಕಾಂತಾಬಾಯಿ ಮಾಣಿಕನಗರದ ರಸ್ತೆಯಲ್ಲಿದ್ದ ಒಂದು ಮಂಗಲ ಕಾರ್ಯಾಲಯದಲ್ಲಿ ಮದುವೆಗಳ ತಾಟು ತೊಳೆಯುತ್ತಿದ್ದಳು. ಅದರ ಮಾಲಕ ಓಂಪ್ರಕಾಶ ಸಾವುಕಾರ. ಅವನಿಗೆ ಹುಮನಾಬಾದಿನಲ್ಲಿ ಇದೊಂದು, ಬಸವಕಲ್ಯಾಣದಲ್ಲಿ ಒಂದು ಕಾರ್ಯಾಲಯ, ಜೊತೆಗೆ ಒಂದು ಹಿಂಡು ಎಮ್ಮೆ. ಒಂದು ದಿನ ತಾಯಿ ಮರೆತುಹೋಗಿದ್ದ ರೊಟ್ಟಿಯ ಗಂಟು ಕೊಡಲು ಉತ್ತಮ ಅಲ್ಲಿಗೆ ನಡೆದು ಬಂದ. ನಡೆದು ಯಾಕೆಂದರೆ, ಆಟೋದಲ್ಲಿ ಕೂತರೆ ಅವನ ಮಂಡಿ ಡ್ರೈವರನ ಕಿವಿಗೆ ಬಡಿಯುತ್ತಿತ್ತು.

ಓಂಪ್ರಕಾಶ ಕುರ್ಚಿಯಿಂದ ಎದ್ದು ನಿಂತ. ನಿಂತರೂ ಕತ್ತೆತ್ತಬೇಕಾಯಿತು.

"ಇವ ಯಾರು?"

"ನನ್ನ ಮಗ್ರಿ ಸಾವ್ಕಾರ್ರ," ಎಂದಳು ಕಾಂತಾಬಾಯಿ.

"ನಿನ್ನ ಮಗ? ನೀ ನೋಡಿದ್ರ ಇಷ್ಟೇ ಅದಿ."

ಕಾಂತಾಬಾಯಿ ಎರಡೂ ಕೈ ಸ್ವಲ್ಪ ಅಗಲಿಸಿ ತೋರಿಸಿದಳು. "ಹುಟ್ಟಿದಾಗ ಇವನೂ ಇಷ್ಟೇ ಇದ್ದ್ರಿ."

ಓಂಪ್ರಕಾಶ ಉತ್ತಮನ ಸುತ್ತ ಒಂದು ಸುತ್ತು ಹಾಕಿದ. ಹೊಸ ಎಮ್ಮೆ ಕೊಳ್ಳುವಾಗಲೂ ಅವನು ಹೀಗೇ ಸುತ್ತು ಹಾಕುತ್ತಿದ್ದ. "ನಾಳಿಂದ ಗೇಟಿಗೆ ನಿಂದ್ರು," ಎಂದ. "ನಿನ್ನಂಥಾವಗ ಬ್ಯಾರೆ ಯಾರ್ ಕೆಲಸ ಕೊಡ್ತಾರ? ಎರಡೂ ಹೊತ್ತು ಊಟ. ಪಗಾರ ಮುಂದ ನೋಡೋಣು. ನಿಮ್ಮ ರೇಷನ್ ಕಾರ್ಡು, ಆಧಾರ ನನ್ನ ಕಡಿ ಕೊಡು. ದಾಖಲೆ ಪುಸ್ತಕದವರಿಗೆ ಕಳಸ್ತೀನಿ. ಜಗತ್ತಿನಾಗ ನಿನ್ನ ಹೆಸರು ಬರ್ತದ."

ಬರಿದೆ ನಿಂತುಕೊಳ್ಳುವ ಕೆಲಸ. ಉತ್ತಮನ ಸೊಂಟಕ್ಕೆ ಸಂತೋಷವಾಯಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಸಿಗುತ್ತಿದ್ದದ್ದರಿಂದ ಕಾಂತಾಬಾಯಿ ಕಾರ್ಡು ವಾಪಸು ಕೇಳಲು ಹೋಗಲಿಲ್ಲ.

ಅವನ ಅಳತೆಗೆ ಶೇರವಾನಿ ಸಿಗಲಿಲ್ಲ. ಕಾರ್ಯಾಲಯದ ಬಾಗಿಲಿಗೆ ಹಾಕಿ ಮಿಕ್ಕಿದ್ದ ಕೆಂಪು ಪರದೆಯ ಬಟ್ಟೆಯಲ್ಲೇ ಟೇಲರ್ ಒಂದು ಹೊಲಿದ. ತಲೆಗೆ ಜರಿಯ ರುಮಾಲು, ಕೈಗೆ ಬಂಗಾರದ ಬಣ್ಣ ಬಳಿದ ಥರ್ಮಾಕೋಲಿನ ಗದೆ. ಕಷ್ಟವೇನೆಂದರೆ, ಅವನು ಬಾಗಿಲ ಪರದೆಯ ಪಕ್ಕ ನಿಂತರೆ ಯಾವುದು ಪರದೆ, ಯಾವುದು ಉತ್ತಮ ಎಂದು ತಿಳಿಯುತ್ತಿರಲಿಲ್ಲ. ಮುದುಕಿಯರು ಪರದೆ ಸರಿಸಲು ಕೈ ಹಾಕಿದಾಗ ಪರದೆ "ಬರ್ರಿ ಅಮ್ಮಾ" ಅನ್ನುತ್ತಿತ್ತು. ಇಬ್ಬರು ಮೂವರು ಹೆದರಿ ನೆಲಕ್ಕೆ ಕೂತೇಬಿಟ್ಟರು. ಆದರೂ ಸುದ್ದಿ ಹಬ್ಬಿತು. ಫೋಟೊಕ್ಕೆ ಜನ ಸಾಲು ನಿಂತರು. ನಮ್ಮಲ್ಲಿ ಭೀಮನೇ ಸ್ವಾಗತ ಮಾಡುತ್ತಾನೆ ಎಂದು ಹೇಳಿ ಓಂಪ್ರಕಾಶ ಬಾಡಿಗೆ ಏರಿಸಿದ. ಉತ್ತಮನ ಪಗಾರವನ್ನು ಮಾತ್ರ ಇನ್ನೂ ಮುಂದೆ ನೋಡುತ್ತಲೇ ಇದ್ದ.

ಮದುವೆಯ ಮಂದಿ ಹೋದ ಮೇಲೆ ಉತ್ತಮನ ಎರಡನೆಯ ಕೆಲಸ ಶುರುವಾಗುತ್ತಿತ್ತು. ಅದು ಹಿಂದಿನ ಗೇಟಿನಲ್ಲಿ. ತಾಟು ತೊಳೆಯುವ ಹೆಂಗಸರು ಆ ಕಡೆಯಿಂದ ಮನೆಗೆ ಹೋಗುತ್ತಿದ್ದರು. ಅಡುಗೆಯ ಪಾತ್ರೆಗಳ ತಳದಲ್ಲಿ ಬಡಿಸದೆ ಉಳಿದ ಹುಗ್ಗಿ, ಪೂರಿ, ಬದನೆಕಾಯಿ ಪಲ್ಯವನ್ನು ಮೊದಲೆಲ್ಲ ಅವರು ಮಕ್ಕಳಿಗೆ ಒಯ್ಯುತ್ತಿದ್ದರು. ಓಂಪ್ರಕಾಶ ಅದನ್ನು ನಿಲ್ಲಿಸಿದ್ದ. ಉಳಿದದ್ದೆಲ್ಲ ಅವನ ಎಮ್ಮೆಗಳಿಗೆ ಹೋಗಬೇಕು. ಮದುವೆ ಸೀಜನ್ನಿನಲ್ಲಿ ಆ ಎಮ್ಮೆಗಳು ಜಿಲೇಬಿ ತಿಂದು ಹುಲ್ಲಿಗೆ ಮೂಗು ಮುರಿಯುತ್ತಿದ್ದವು.

"ಒಬ್ಬೊಬ್ಬಳ ಚೀಲ ನೋಡಿ ಬಿಡು," ಎಂದು ಓಂಪ್ರಕಾಶ ಅಪ್ಪಣೆ ಮಾಡಿದ. "ನಿನ್ನ ನೋಡಿದ್ರೇ ಹೆದರಬೇಕು ಅವರು."

ಮೊದಲ ದಿನ ಮೊದಲು ಬಂದವಳು ಕಾಂತಾಬಾಯಿ.

"ಅವ್ವಾ, ಚೀಲ ತೋರಸು," ಎಂದ ಉತ್ತಮ.

ಕಾಂತಾಬಾಯಿ ಅವನನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. "ಬಗ್ಗು," ಎಂದಳು.

"ಯಾಕವ್ವಾ?"

"ಕಿವಿ ಹಿಡೀಬೇಕು. ಎಟಕವಲ್ದು."

ಉತ್ತಮ ಬಗ್ಗಿದ. ಅವಳು ಕಿವಿ ಹಿಂಡಿ, ಖಾಲಿ ಚೀಲವನ್ನು ಅವನ ಮುಖದ ಮುಂದೆ ಕೊಡವಿ ಹೋದಳು. ಹಿಂದೆ ನಿಂತಿದ್ದ ಹೆಂಗಸರು ಸೆರಗು ಕಚ್ಚಿ ನಕ್ಕರು. ಅವರಿಗೆ ಹೆದರಿಕೆಯಾಗಲಿಲ್ಲ, ಹಸಿವೆ ಮಾತ್ರ ಆಯಿತು.

ದಾರಿ ಹುಡುಕಿದವಳು ರತ್ನಮಾಲಾ. ಅವಳೂ ಘಾಟಬೋರಾಳದವಳೇ, ಬಾಯಿ ಜೋರು. ಒಂದು ದಿನ ಪಲ್ಯದ ಡಬ್ಬಿ ಹಿಡಿದು, ಸಿಕ್ಕರೆ ಬೈಸಿಕೊಂಡರಾಯಿತು ಎಂದು ಗೋಡೆಯ ಪಕ್ಕಕ್ಕೆ ಹಾಯ್ದು ಹೋದಳು. ಉತ್ತಮ ನೇರ ಮುಂದೆ ನೋಡುತ್ತಾ ನಿಂತಿದ್ದ. ತಡೆಯಲಿಲ್ಲ. ಮರುದಿನ ಮಾಣಿಕನಗರದ ಭಾಗಮ್ಮ ಇನ್ನೊಂದು ಪಕ್ಕದಿಂದ ಪೂರಿಯ ಗಂಟು ಒಯ್ದಳು. ಆಗಲೂ ತಡೆಯಲಿಲ್ಲ. ಆಮೇಲೆ ಹೆಂಗಸರು ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಮಾಡಿಕೊಂಡು ಹೋಗತೊಡಗಿದರು. ಹುಡುಗ ಕಂಡೂ ಕಾಣದವನ ಹಾಗೆ ನಿಂತಿದ್ದಾನೆ, ದೊಡ್ಡ ಮನಸ್ಸು ಎಂದು ಹಾದುಹೋಗುವಾಗ ಮೆಲ್ಲಗೆ ಹರಸುತ್ತಿದ್ದರು. ಎಲ್ಲಿಂದಲೋ "ನೂರು ವರ್ಷ ಬಾಳಪ್ಪಾ" ಎಂದು ಕೇಳಿದಾಗ ಉತ್ತಮ ಆಕಾಶ ನೋಡುತ್ತಿದ್ದ. ಕಾಂತಾಬಾಯಿ ಒಬ್ಬಳೇ ದಿನವೂ ಖಾಲಿ ಚೀಲ ಹಿಡಿದು ಅವನ ಮುಂದಿನಿಂದ ಹೋಗುತ್ತಿದ್ದಳು. ಮಗನ ನೌಕರಿಗೆ ಕುತ್ತು ಬರಬಾರದು ಎಂದು ಅವಳ ಹಟ.

ಒಂದು ಸಂಜೆ ರತ್ನಮಾಲಾ ಅವನೆದುರು ನಿಂತು ಹೇಳಿದಳು. "ತಮ್ಮಾ, ನಿನ್ನ ಉಪಕಾರ ಮರೆಯಂಗಿಲ್ಲ ನಾವು."

"ಯಾವ ಉಪಕಾರ ಅಕ್ಕಾ?"

"ಭಾರೀ ನಾಟಕ ಕಲ್ತಿ ನೋಡು. ನಿನ್ನೆ ಭಾಗಮ್ಮ ಬಕೆಟ್ ತುಂಬ ಹುಗ್ಗಿ ಒಯ್ದ್ಲು. ನೀ ಕಣ್ಣು ಸುದ್ದಾ ಹೊರಳಸಲಿಲ್ಲ."

"ಭಾಗಮ್ಮ ಹುಗ್ಗಿ ಒಯ್ದ್ಲಾ?"

"ಸಾವ್ಕಾರಗ ಹೇಳ್ತಿಯೇನು ಮತ್ತ?"

"ಹೇಳಂಗಿಲ್ಲ ಬಿಡು. ಆದ್ರ ಎಲ್ಲಿಂದ ಒಯ್ದ್ಲು? ನಾ ಇಲ್ಲೇ ನಿಂತಿದ್ನಲ್ಲ."

ರತ್ನಮಾಲಾ ಇನ್ನೂ ನಗುತ್ತಲೇ ಇದ್ದಳು. ಕೈಯಲ್ಲಿದ್ದ ಸವುಟನ್ನು ಅವನ ಕಿವಿಯ ಪಕ್ಕ ಹಿಡಿದು ಆಡಿಸಿದಳು. "ನೆಟ್ಟಗ ನನ್ನ ಮೂಗು ನೋಡು. ಈ ಸವುಟು ಕಾಣಸ್ತದೇನು?"

"ಯಾವ ಸವುಟು?"

ಅವಳು ಸವುಟನ್ನು ಮುಂದಕ್ಕೆ ತಂದಳು, ಇನ್ನೂ ಮುಂದಕ್ಕೆ ತಂದಳು. ಹುಬ್ಬಿನ ತುದಿ ದಾಟಿದ ಮೇಲೆ ಉತ್ತಮ "ಹಾಂ, ಈಗ ಬಂತು" ಎಂದ. ಇನ್ನೊಂದು ಕಡೆಯೂ ಅದೇ ಕಥೆ. ಅವನು ಮೊನ್ನೆ ಕಂಬಕ್ಕೆ ಬಡಿದುಕೊಂಡದ್ದು, ಮದುಮಗಳ ಅಣ್ಣನ ಕೈಯಲ್ಲಿದ್ದ ಪಾಯಸದ ತಪ್ಪಲೆ ಕೆಡವಿದ್ದು ಎಲ್ಲ ಅವಳಿಗೆ ಒಮ್ಮೆಲೇ ನೆನಪಾಯಿತು. ನಗು ನಿಂತಿತು. ಕೈಯಲ್ಲಿದ್ದ ಡಬ್ಬಿ ಭಾರವಾಯಿತು.

"ತಲಿ ನೋಯ್ತದೇನು?"

"ದಿನಾ ನೋಯ್ತದಕ್ಕಾ. ರುಮಾಲು ಬಿಗಿ ಆಗ್ಯಾದ ಅಂತ ಮಾಡಿದ್ದೆ."

ಮರುದಿನ ರತ್ನಮಾಲಾ, ಕಾಂತಾಬಾಯಿ ಇಬ್ಬರೂ ಅವನನ್ನು ಹುಮನಾಬಾದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಕುರ್ಚಿಯ ಮೇಲೆ ನಿಂತು ಅವನ ಕಣ್ಣು ನೋಡಿದರು. ಕಣ್ಣು ಚೆನ್ನಾಗಿವೆ, ಕಣ್ಣಿನ ಹಿಂದಿನ ನರವನ್ನು ಏನೋ ಒತ್ತುತ್ತಿದೆ, ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಸ್ಕ್ಯಾನಿನ ಯಂತ್ರದೊಳಗೆ ಉತ್ತಮನ ತಲೆ, ಎದೆ ಹೋದವು. ಮಿಕ್ಕದ್ದನ್ನು ಹೊರಗೆ ಕಾಂತಾಬಾಯಿ ಹಿಡಿದುಕೊಂಡು ನಿಂತಿದ್ದಳು.

ಸ್ಕ್ಯಾನಿನ ಫೋಟೊ ನೋಡಿದ ಕಲಬುರಗಿಯ ಡಾಕ್ಟರಮ್ಮ ತಾಳ್ಮೆಯವರು. ಅವರೇ ಕೂಡಿಸಿಕೊಂಡು ತಿಳಿಸಿದರು.

"ಮಿದುಳಿನ ಕೆಳಗ ಕಡಲಿ ಕಾಳಿನಷ್ಟು ಒಂದು ಗ್ರಂಥಿ ಇರ್ತದ. ಪಿಟ್ಯುಟರಿ ಅಂತಾರ. ಮೈ ಬೆಳಿಯೋದು ಅದರ ಹಾರ್ಮೋನಿಂದ. ಇವರ ಗ್ರಂಥಿದಾಗ ಗಡ್ಡಿ ಆಗ್ಯಾದ. ಅದು ನಿಂದ್ರದ ಹಾರ್ಮೋನ್ ಬಿಡಾಕತ್ತದ. ಗಡ್ಡಿ ಈಗ ನೆಲ್ಲಿಕಾಯಿಯಷ್ಟು ಆಗಿ ಕಣ್ಣಿನ ನರ ಒತ್ತಾಕತ್ತದ. ಮೂಗಿನಾಗಿಂದ ಹಾಯ್ದು ತೆಗೀತೀವಿ. ತಡಾ ಮಾಡಬ್ಯಾಡ್ರಿ. ತಡಾ ಮಾಡಿದ್ರ ಪೂರಾ ಕಾಣದಂಗ ಆಗಬಹುದು."

ಕಾಂತಾಬಾಯಿ ಸೆರಗಿನ ತುದಿ ತಿರುವಿದಳು. ಆಮೇಲೆ ಕೇಳಿದಳು. "ಇವ ಹೊಟ್ಟ್ಯಾಗ ಇದ್ದಾಗ ನಾ ಒಂದು ಇಡೀ ಕುಂಬಳಕಾಯಿ ತಿಂದಿದ್ದೆ ಡಾಕ್ಟರಮ್ಮಾ. ಹಸಿವಿ ತಡೀಲಾರದ. ಅದರಿಂದ ಹಿಂಗಾತೇನ್ರಿ? ನಮ್ಮ ಅತ್ತಿ ಸಾಯೋತನಕ ಅದನ್ನೇ ಅಂದ್ಲು."

"ಇಲ್ರವ್ವಾ. ನೀವು ಬಂಡಿ ತುಂಬ ಕುಂಬಳಕಾಯಿ ತಿಂದಿದ್ರೂ ಹಿಂಗ ಆಗ್ತಿದ್ದಿಲ್ಲ. ನಿಮ್ಮದೇನೂ ತಪ್ಪಿಲ್ಲ."

ಕಾಂತಾಬಾಯಿ ಅಲ್ಲೇ ಕುರ್ಚಿಯಲ್ಲಿ ಅಳತೊಡಗಿದಳು. ಉತ್ತಮ ಸಮಾಧಾನ ಮಾಡಲು ಬಗ್ಗಿದವನು ಮೇಜಿನ ದೀಪಕ್ಕೆ ಬಡಿದ.

ಬಡವರಿಗೆ ಆಪರೇಷನ್ ಬಿಟ್ಟಿ, ರೇಷನ್ ಕಾರ್ಡು ಮತ್ತು ಆಧಾರ ತನ್ನಿ ಎಂದರು ಆಸ್ಪತ್ರೆಯವರು. ಮೂವರೂ ಬಸ್ಸಿನಿಂದ ಇಳಿದು ಸೀದಾ ಓಂಪ್ರಕಾಶನ ಹತ್ತಿರ ಹೋದರು. ಅವನು ಎಲ್ಲವನ್ನೂ ಕೇಳಿ, ಮೊದಲು ಉತ್ತಮನ ಮೂಗು ನೋಡಿದ.

"ಮೂಗಿನಾಗಿಂದ ತೆಗೀತಾರಾ? ಹವಾ ಹೋಗ್ತದಲ್ಲ. ಬಲೂನ್ ಹಂಗ ಸಣ್ಣಾಂವ ಆಗ್ತಾನ."

"ಆಗಂಗಿಲ್ರಿ," ಎಂದಳು ರತ್ನಮಾಲಾ. "ಬೆಳದ ಎಲುಬು ಹಿಂದಕ್ಕ ಹೋಗಲ್ಲ ಅಂದಾರ. ಬೆಳಿಯೋದು ನಿಂದರ್ತದ, ಅಷ್ಟೇ."

"ಡಾಕ್ಟರ್ ಮಂದಿ ಹಂಗೇ ಅಂತಾರ. ಕುಗ್ಗಿದ್ರ ಯಾರು ಜವಾಬ್ದಾರಿ? ಬಸವಕಲ್ಯಾಣದಾಗ ಬಸವಣಪ್ಪನವರ ಮಗಳ ಮದ್ವಿ ಅದ. ಸಣ್ಣ ಭೀಮಗ ನೋಡಿ ಅವರು ಸುಮ್ನಿರ್ತಾರಾ? ಸೀಜನ್ ಮುಗೀಲಿ, ಕಾರ್ಡು ಕೊಡ್ತೀನಿ."

"ಅಷ್ಟರಾಗ ಕಣ್ಣು ಹೋಗ್ತಾವ್ರಿ," ಎಂದಳು ಕಾಂತಾಬಾಯಿ.

"ಗೇಟಿನಾಗ ನಿಂದ್ರಾಕ ಕಣ್ಣು ಯಾಕ ಬೇಕು?"

ಓಂಪ್ರಕಾಶ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ತಿಳಿಯದವನ ಹಾಗೆ ಕೇಳಿದ. ಉತ್ತಮ ಹೊರಗೆ ಬಂದ. ಚೌಕಟ್ಟು ಹಣೆಗೆ ಬಡಿದದ್ದೂ ಅವನಿಗೆ ಗೊತ್ತಾಗಲಿಲ್ಲ.

ಹೊಸ ಕಾರ್ಡು ಕೇಳಲು ಹೋದರೆ ಕಚೇರಿಯಲ್ಲಿ ಸರ್ವರ್ ಇಲ್ಲ ಎಂದರು. ಮರುದಿನ ಸರ್ವರ್ ಇತ್ತು, ಸಾಹೇಬರು ಇರಲಿಲ್ಲ. ಆಮೇಲೆ ಇಬ್ಬರೂ ಇದ್ದಾಗ ಕರೆಂಟು ಇರಲಿಲ್ಲ. ಉತ್ತಮ ಈಗ ತಾಟಿನ ಅಂಚಿನಲ್ಲಿದ್ದ ಪಲ್ಯ ಕಾಣದೆ ಬರೀ ಅನ್ನ ತಿನ್ನತೊಡಗಿದ್ದ. ಅದನ್ನು ನೋಡಿದ ದಿನ ರತ್ನಮಾಲಾ ತಾಟು ತೊಳೆಯುವ ಕಲ್ಲಿನ ಮೇಲೆ ಕೂತು ಎಲ್ಲರಿಗೂ ಹೇಳಿದಳು.

"ಅವಗ ಕಾಣಲಾರದ್ದಕ್ಕ ನಮ್ಮ ಮಕ್ಕಳು ಹುಗ್ಗಿ ತಿಂದಾವ. ಈಗ ನಾವು ಕಂಡೂ ಸುಮ್ನ ಕುಂತ್ರ, ನಾವೂ ಆ ಎಮ್ಮಿಗೋಳೂ ಒಂದೇ."

"ಏನ್ ಮಾಡೂಣು ಅಂತಿ?" ಎಂದಳು ಭಾಗಮ್ಮ.

"ಏನೂ ಮಾಡೂದು ಬ್ಯಾಡ. ಕೈ ಕಟ್ಟಿ ಕುಂದ್ರೂಣು."

ಬಸವಣಪ್ಪನೆಂದರೆ ದೊಡ್ಡ ತೊಗರಿ ವ್ಯಾಪಾರಿ. ಮಗಳ ಮದುವೆಗೆ ಎರಡು ತಾಲೂಕಿನ ಮಂದಿ ಬಂದಿದ್ದರು. ಹೆಂಗಸರನ್ನೂ ಉತ್ತಮನನ್ನೂ ಕಾರ್ಯಾಲಯದ ಸಾಮಾನು ಸಾಗಿಸುವ ಫಿರೋಜ್ ತನ್ನ ಟೆಂಪೋದಲ್ಲಿ ತುಂಬಿಕೊಂಡು ಬಸವಕಲ್ಯಾಣಕ್ಕೆ ತಂದ. ಅಕ್ಷತೆ ಬಿತ್ತು. ಮೊದಲ ಪಂಗತಿ ಎದ್ದಿತು, ಎರಡನೆಯದು ಎದ್ದಿತು. ಸ್ಟೀಲಿನ ತಾಟುಗಳೆಲ್ಲ ಎಂಜಲಾಗಿ ಹಿತ್ತಲಿಗೆ ಬಂದು ಗುಡ್ಡೆ ಬಿದ್ದವು. ಮೂರನೆಯ ಪಂಗತಿಗೆ ಗಂಡಿನ ಕಡೆಯವರು ಕೂತು ಕೈ ತೊಳೆದುಕೊಂಡು ಕಾದರು.

ಹಿತ್ತಲಲ್ಲಿ ಹೆಂಗಸರು ನಲ್ಲಿ ಬಂದ್ ಮಾಡಿ ನೆಲಕ್ಕೆ ಕೂತರು.

ಓಂಪ್ರಕಾಶ ಓಡಿ ಬಂದ. "ಏನ್ ನಡಸೀರಿ? ತಾಟು ಎಲ್ಲಿ?"

"ಅಲ್ಲೇ ಅದಾವ ನೋಡ್ರಿ," ಎಂದಳು ರತ್ನಮಾಲಾ. "ಉತ್ತಮನ ಕಾರ್ಡು, ಆಧಾರ ಕೊಡ್ರಿ. ತೊಳೀತೀವಿ."

"ಬ್ಯಾರೆ ಹೆಣ್ಮಕ್ಕಳಿಗೆ ಕರಸ್ತೀನಿ."

"ಕರಸ್ರಿ. ಹುಮನಾಬಾದಿಂದ ಬರೂತನಕ ಬೀಗರಿಗೆ ಹಾಡು ಹೇಳ್ರಿ."

ಓಂಪ್ರಕಾಶ ಫಿರೋಜನನ್ನು ಕಾಗದದ ತಾಟು ತರಲು ಕಳಿಸಿದ. ಕಾಲು ಗಂಟೆ ಕಳೆಯಿತು. ಫೋನು ಮಾಡಿದ.

"ಎಲ್ಲಿದ್ದೀ?"

"ಪಂಚರ್ ಅಂಗಡ್ಯಾಗ್ರಿ ಸಾವ್ಕಾರ್ರ. ಟಾಯರ್ ಹೋತು."

ಆ ಮಾತು ಫೋನಿನಲ್ಲೂ ಕೇಳಿತು, ಹಿತ್ತಲ ಗೋಡೆಯ ಆಚೆಯಿಂದಲೂ ಕೇಳಿತು. ಗೋಡೆಯ ಮೇಲೆ ಟೆಂಪೋದ ತಲೆ ಕಾಣುತ್ತಿತ್ತು. ಅದರ ನೆರಳಲ್ಲಿ ಯಾರೋ ಚಹಾ ಹೀರುವ ಸದ್ದು.

ಓಂಪ್ರಕಾಶನಿಗೆ ಈಗ ಕೊನೆಯ ಅಸ್ತ್ರ ನೆನಪಾಯಿತು. "ಉತ್ತಮ್ಯಾ, ಬಾ ಇಲ್ಲಿ," ಎಂದು ಕೂಗಿದ. ಉತ್ತಮ ಪರದೆಯ ಶೇರವಾನಿ, ಗದೆಯ ಸಮೇತ ಬಂದು ನಿಂತ. ಹಿತ್ತಲು ಅರ್ಧ ನೆರಳಾಯಿತು.

"ಇವರಿಗೆ ಎಬ್ಬಸು."

"ಹ್ಯಾಂಗ್ರಿ?"

"ಹೆದರಸು. ಜೋರಾಗಿ ಒದರು."

ಉತ್ತಮ ಹೆಂಗಸರನ್ನು ನೋಡಿದ. ಎದುರಿಗೆ ಕೂತವರಷ್ಟೇ ಕಾಣುತ್ತಿದ್ದರು. ಎಡಬಲದವರನ್ನು ಕಾಣಲು ಅವನು ಕತ್ತನ್ನು ಪೂರ್ತಿ ಆ ಕಡೆ, ಈ ಕಡೆ ತಿರುಗಿಸಬೇಕಾಯಿತು. ಒಬ್ಬೊಬ್ಬರ ಮುಖವನ್ನೂ ಹಾಗೆ ಹುಡುಕಿ ನೋಡಿದ. ಆಮೇಲೆ ಎದೆ ತುಂಬ ಉಸಿರು ಎಳೆದು, ಊಟಕ್ಕೆ ಕೂತವರಿಗೆಲ್ಲ ಕೇಳುವ ಹಾಗೆ ಒದರಿದ.

"ಅವ್ವಾ, ಜರಾ ಸರಿ. ನಾನೂ ಕುಂದರ್ತೀನಿ."

ಅವನು ಕೂಡುವಾಗ ಶೇರವಾನಿ ಬೆನ್ನುದ್ದ ಹರಿಯಿತು. ಕಾಂತಾಬಾಯಿ ಸರಿದು ಜಾಗ ಕೊಟ್ಟಳು.

ಒದರಿದ ದನಿಗೆ ಬಸವಣಪ್ಪ ಬಂದ. ಬೀಗರು ಬಂದರು. ಹಸಿದವರೆಲ್ಲ ಒಬ್ಬೊಬ್ಬರಾಗಿ ಹಿತ್ತಲಿಗೆ ಬಂದರು. ರತ್ನಮಾಲಾ ಎದ್ದು ನಿಂತು, ಅಂಜದೆ, ಕಣ್ಣಿನ ಮಾತು, ಕಾರ್ಡಿನ ಮಾತು, ಎಮ್ಮೆಯ ಮಾತು ಎಲ್ಲ ಹೇಳಿದಳು.

ಬಸವಣಪ್ಪನಿಗೆ ಹುಡುಗನ ಕಣ್ಣಿಗಿಂತ ಮೊದಲು ತಟ್ಟಿದ್ದು ಎಮ್ಮೆ. "ಓಂಪ್ರಕಾಶ, ಉಳಿದ ಅಡಗಿ ನಿಮ್ಮ ಎಮ್ಮಿಗೆ ಹೋಗ್ತದೇನು? ದಿನಸಿ ನಂದು. ತುಪ್ಪ ನಂದು. ನಿಮ್ಮ ಎಮ್ಮಿಗೆ ಯಾರು ಕರದಾರ ನನ್ನ ಮಗಳ ಮದ್ವಿಗೆ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ದಿನ ಕದಿಯುತ್ತಿದ್ದೇವೆ ಎಂದು ಗೋಡೆ ಸವರಿಕೊಂಡು ನಡೆದಿದ್ದರು. ಆ ಹುಗ್ಗಿ ಎಂದೂ ಸಾವುಕಾರನದಾಗಿರಲಿಲ್ಲ.

"ಕಾರ್ಡು ಹುಮನಾಬಾದಿನ ಮನ್ಯಾಗ ಅದ್ರಿ," ಎಂದ ಓಂಪ್ರಕಾಶ, ದನಿ ಸಣ್ಣದಾಗಿ.

"ತರಸ್ರಿ. ಈಗೇ," ಎಂದ ಬಸವಣಪ್ಪ.

ಬೈಕಿನ ಮೇಲೆ ಯಾರೋ ಹೊರಟರು. ಬರಲು ಹೊತ್ತು ಬೇಕು. ಹೆಂಗಸರು ಎದ್ದೇಳಲಿಲ್ಲ. ಆಗ ಗಂಡಿನ ಕಡೆಯ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು ಗುಡ್ಡೆಯಿಂದ ಒಂದು ತಾಟು ಎಳೆದಳು. "ನನಗ ಶುಗರ್ ಅದ. ತಡಕೊಳ್ಳಾಕ ಆಗಲ್ಲ," ಎಂದು ನಲ್ಲಿ ತಿರುವಿ ತೊಳೆಯಲು ಕೂತಳು. ಅವಳ ಮಗ ನಾಚಿ ತಾನೂ ಕೂತ. ಅವನ ಹಿಂದೆ ಷಡ್ಡಕ ಕೂತ. ನೋಡನೋಡುತ್ತ ರೇಷ್ಮೆ ಧೋತರ ಮೊಣಕಾಲಿಗೆ ಏರಿಸಿ, ಕೈಗಡಿಯಾರ ಕಿಸೆಗೆ ಹಾಕಿ, ಬೀಗರೆಲ್ಲ ತಾಟು ತಿಕ್ಕತೊಡಗಿದರು. ಮದುಮಗನ ಸೋದರಮಾವ ಬ್ಲೇಜರಿನ ತೋಳು ಒದ್ದೆ ಮಾಡಿಕೊಂಡ. ಒಬ್ಬ ಗುತ್ತೇದಾರ ಸೋಪು ಮುಗಿಯಿತೆಂದು ಒದರಿದ.

ಕಾಂತಾಬಾಯಿಗೆ ಸುಮ್ಮನೆ ಕೂಡಲಾಗಲಿಲ್ಲ. ಕೂತಲ್ಲಿಂದಲೇ ತೋರಿಸಿದಳು. "ಸಾಹೇಬ್ರ, ಅಂಚಿಗೆ ಪಲ್ಯ ಹಂಗೇ ಅದ. ಅಂಚು ತಿಕ್ರಿ. ಹಾಂ, ಹಿಂದಿನ ಮಗ್ಗಲೂ."

"ಹೌದ್ರವ್ವಾ," ಎಂದ ಗುತ್ತೇದಾರ, ಮತ್ತೆ ತಿಕ್ಕಿದ.

ಕಾರ್ಡು ಬರುವ ಹೊತ್ತಿಗೆ ಮೂರನೆಯ ಪಂಗತಿ ಉಂಡಾಗಿತ್ತು. ಓಂಪ್ರಕಾಶ ಉತ್ತಮನ ಕೈಗೆ ಕೊಡಲು ಹೋದ. ಕೈ ಪಕ್ಕದಲ್ಲಿ ಚಾಚಿದ್ದರಿಂದ ಉತ್ತಮನಿಗೆ ಕಾಣಲಿಲ್ಲ. ರತ್ನಮಾಲಾ ಇಸಿದುಕೊಂಡು ಕುಪ್ಪಸದೊಳಗೆ ಇಟ್ಟಳು. ಆಮೇಲೆ ಹೆಂಗಸರು ಅಡುಗೆಯ ಪಾತ್ರೆಗಳನ್ನೆಲ್ಲ ತೊಳೆದು, ಉಳಿದ ಹುಗ್ಗಿಯನ್ನು ಪಾತ್ರೆ ಸಮೇತ ಟೆಂಪೋಕ್ಕೆ ಏರಿಸಿದರು. ಟಾಯರ್ ತಾನಾಗಿ ಸರಿಯಾಗಿತ್ತು.

ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಎರಡು ಮಂಚ ಜೋಡಿಸಿದ್ದರು. ಮೂಗಿಗೆ ಹತ್ತಿ ತುರುಕಿದ್ದ ಉತ್ತಮ ಬಾಯಿಂದ ಉಸಿರಾಡುತ್ತ ಮಲಗಿದ್ದ. ತಲೆನೋವು ಇಳಿದಿತ್ತು. ಪಕ್ಕದ ನೋಟ ಮೆಲ್ಲಮೆಲ್ಲಗೆ ಮರಳುತ್ತಿತ್ತು. ಗುಳಿಗೆ ತಪ್ಪಿಸಬಾರದು, ಆಗಾಗ ರಕ್ತ ತೋರಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಒಂದು ದಿನ ಓಂಪ್ರಕಾಶ ಸೇಬುಹಣ್ಣು ಹಿಡಿದು ಬಂದ. ಹಣ್ಣು ಕೊಟ್ಟು, ಮಾತಾಡಿಸುತ್ತ, ಮಂಚದ ಪಕ್ಕಕ್ಕೆ ಮೆಲ್ಲಗೆ ಬಗ್ಗಿದ.

"ಆ ಅಳತಿ ಟೇಪು ಕಿಸೇದಾಗ ಇಡ್ರಿ ಸಾವ್ಕಾರ್ರ," ಎಂದ ಉತ್ತಮ, ಕತ್ತು ತಿರುಗಿಸದೆ. "ಕಾಣಸ್ತದ."

ಓಂಪ್ರಕಾಶ ಟೇಪು ಮಡಚಿದ. ಕುಗ್ಗಿಲ್ಲವೆಂದು ಅವನಿಗೆ ಸಮಾಧಾನವಾಗಿತ್ತು. "ಯಾವಾಗ ಬರ್ತಿ ಕೆಲಸಕ್ಕ? ಈಗ ಚೊಲೋ ಕಾಣಸ್ತದ. ಹಿಂದಿನ ಗೇಟು ಪಕ್ಕಾ ಕಾಯಬಹುದು."

"ಬರ್ತೀನ್ರಿ. ಗೇಟಿಗಲ್ಲ, ತಾಟಿಗೆ. ಪಗಾರ ಮುಂದ ನೋಡಂಗಿಲ್ಲ, ದಿನಾ ನೋಡ್ತೀನಿ."

ಹಾಗೇ ಆಯಿತು. ಹುಮನಾಬಾದಿನಲ್ಲಿ ತಾಟು ತೊಳೆಯುವ ಹೆಂಗಸರೆಲ್ಲ ರತ್ನಮಾಲಾಳ ಮಾತು ಕೇಳುತ್ತಿದ್ದರು. ಓಂಪ್ರಕಾಶನಿಗೆ ಬೇರೆ ದಾರಿ ಇರಲಿಲ್ಲ. ಉತ್ತಮ ಮಗುಚಿದ ಡ್ರಮ್ಮಿನ ಮೇಲೆ ಕೂತು ತಾಟು ಒರೆಸುತ್ತಿದ್ದ. ಒಂದು ಕೈಗೆ ನಾಲ್ಕು ತಾಟು ಹಿಡಿಯುತ್ತಿದ್ದವು.

ಆದರೆ ಮುಂದಿನ ಗೇಟು ಖಾಲಿ ಉಳಿಯಲಿಲ್ಲ. ಬೇಸಿಗೆಯ ಮದುವೆಗಳು ಶುರುವಾದಾಗ ಅಲ್ಲೊಬ್ಬ ಹೊಸಬ ನಿಂತ. ಚಿಟಗುಪ್ಪದ ಜ್ಞಾನೇಶ್ವರ. ಓಂಪ್ರಕಾಶನ ಸೊಂಟದಷ್ಟು ಎತ್ತರ. ವಯಸ್ಸು ನಲವತ್ತರ ಹತ್ತಿರ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ. ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿತ್ತು. ಓಂಪ್ರಕಾಶ ಅವನಿಗೆ ಮಕ್ಕಳ ರಾಜನ ಡ್ರೆಸ್ಸು ತೊಡಿಸಿ, ಸ್ಟೂಲಿನ ಮೇಲೆ ನಿಲ್ಲಿಸಿ, ಬಂದವರಿಗೆ ಗುಲಾಬಿ ನೀರು ಚಿಮುಕಿಸಲು ಹಚ್ಚಿದ್ದ.

ಚಹಾದ ಹೊತ್ತಿಗೆ ಅವನು ಹಿತ್ತಲಿಗೆ ಬಂದು ಉತ್ತಮನ ಪಕ್ಕ ಕೂತ.

"ನನ್ನದೂ ಅದೇ ಗ್ರಂಥಿ ಅಂತಪ್ಪಾ," ಎಂದ. "ನಿಂದು ಹೆಚ್ಚು ಕೊಟ್ಟದ, ನಂದು ಕೊಟ್ಟೇ ಇಲ್ಲ. ಸಣ್ಣಾಂವ ಇದ್ದಾಗ ಇಂಜೆಕ್ಷನ್ ಕೊಟ್ಟಿದ್ರ ಬೆಳೀತಿದ್ದೆ ಅಂತ ಮೊನ್ನೆ ಡಾಕ್ಟರ್ ಅಂದ್ರು. ನಮ್ಮಪ್ಪಗ ಯಾರೂ ಹೇಳಲಿಲ್ಲ. ಹಾಲು ಕುಡಸು ಅಂದ್ರು. ಒಂದು ಎಮ್ಮಿ ಪೂರಾ ಕುಡ್ದೀನಿ ನಾ."

"ನಮ್ಮವ್ವಗ ನನಗ ಹಾಲೇ ಕೊಡಬ್ಯಾಡ ಅಂದ್ರು," ಎಂದ ಉತ್ತಮ. ಇಬ್ಬರೂ ನಕ್ಕರು. ಜ್ಞಾನೇಶ್ವರ ಬೇಗ ನಗು ನಿಲ್ಲಿಸಿದ. "ಮಂದಿ ಕೂಸಿನಂಗ ಎತ್ಕೋತಾರಪ್ಪಾ. ಅದೇ ತ್ರಾಸು. ಕಾಲೇಜಿಗೆ ಹೋಗೋ ಮಗಳಿದ್ದಾಳ ನನಗ."

ಅಂದೇ ಮಧ್ಯಾಹ್ನ ಮುಂದಿನ ಗೇಟಿನಲ್ಲಿ ದೊಡ್ಡ ನಗು ಕೇಳಿಸಿತು. ಮದುಮಗನ ಗೆಳೆಯನೊಬ್ಬ ಜ್ಞಾನೇಶ್ವರನನ್ನು ಹೆಗಲ ಮೇಲೆ ಕೂಡಿಸಿಕೊಂಡು ಕುಣಿಯುತ್ತಿದ್ದ. ಸುತ್ತ ಮೊಬೈಲುಗಳು. ರುಮಾಲು ಕೆಳಗೆ ಬಿದ್ದಿತ್ತು. "ಇಳಸ್ರಿ, ಇಳಸ್ರಿ" ಎಂದು ಜ್ಞಾನೇಶ್ವರ ಹೇಳುತ್ತಿದ್ದ. ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಹಿತ್ತಲಿನ ಹೆಂಗಸರು ಎದ್ದರು. ಮುಂದಿನ ಗೇಟಿಗೆ ಬರುವುದು ಅವರಿಗೆ ನಿಷಿದ್ಧವಾಗಿತ್ತು. ಒದ್ದೆ ಸೀರೆ, ಕೈಯಲ್ಲಿ ಸೋಪಿನ ನೊರೆ, ಹಾಗೇ ಬಂದರು. ಹಿಂದೆ ಉತ್ತಮ. ಬ್ಯಾಂಡು ತಾನಾಗಿ ನಿಂತಿತು.

"ಅವರಿಗೆ ಕೆಳಗ ಇಳಸ್ರಿ," ಎಂದಳು ರತ್ನಮಾಲಾ.

"ನೀವ್ಯಾರು?"

"ತಾಟು ತೊಳಿಯೋರು."

ಹುಡುಗ ನಗಲು ನೋಡಿದ. ಹಿಂದಿನಿಂದ ಅವನ ತಂದೆ ಬಂದು ಭುಜ ಹಿಡಿದ. "ಇಳಸೋ," ಎಂದ ಮೆಲ್ಲಗೆ. "ನಮ್ಮದಿನ್ನಾ ಊಟ ಆಗಿಲ್ಲ."

ಜ್ಞಾನೇಶ್ವರನ ಕಾಲು ನೆಲಕ್ಕೆ ಬಂದವು. ಅವನು ರುಮಾಲು ಕೊಡವಿಕೊಂಡ, ಕಟ್ಟಲಿಲ್ಲ. ಸ್ಟೂಲನ್ನು ಗೋಡೆಗೆ ಸರಿಸಿ, ಗುಲಾಬದಾನಿ ಹಿಡಿದು ನೆಲದ ಮೇಲೆಯೇ ನಿಂತ. ಆಮೇಲೆ ಬಂದ ಬೀಗರು, ಸಾವುಕಾರರು, ಗುತ್ತೇದಾರರು ಗುಲಾಬಿ ನೀರು ಬೇಕಾದರೆ ಅವನ ಮುಂದೆ ಬಗ್ಗಬೇಕಾಯಿತು.